ಎಂಜಿನ್ ಮೇಲಿನ ಸುಕ್ಕುಗಟ್ಟಿದ ಪೇಂಟ್ ಸುಟ್ಟುಹೋದ ಗುರುತೇ?

ಹೇಳಿಕೆ: ವಾಲ್ವ್ ಕವರ್ ಮೇಲೆ ಪೇಂಟ್ ಸುಕ್ಕುಗಟ್ಟಿದ್ದರೆ ಎಂಜಿನ್ ಓವರ್‌ಹೀಟ್ ಆಗಿದೆ ಎಂದರ್ಥ. ಅಂಥ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಬೇಡಿ.

ನಿಜಾಂಶ: ಸುಕ್ಕು ಬೇಕೆಂದೇ ಮಾಡಿದ್ದಿರಬಹುದು. ಇದಕ್ಕಾಗಿಯೇ ರಿಂಕಲ್ ಫಿನಿಶ್ ಪೇಂಟ್ ಸಿಗುತ್ತದೆ. ಫೆರಾರಿಯ ಹಲವು ಮಾದರಿಗಳ ಎಂಜಿನ್ ಮೇಲೆ ಕಾಣುವ ತರಿತರಿ ಕೆಂಪು ಬಣ್ಣ ಇದೇ ಬಗೆಯದು.

ಸುಕ್ಕು ಹೇಗೆ ಬರುತ್ತದೆ?
ಕಾಯಿಸಿದ ಹಾಲು ಆರುವಾಗ ಕೆನೆ ಸುಕ್ಕಾಗುವುದನ್ನು ನೋಡಿದ್ದೀರಲ್ಲ? ಇಲ್ಲೂ ಮೇಲ್ಪದರ ಬೇಗ ಒಣಗಿ ಕೆನೆಯಂತಾಗುತ್ತದೆ, ಕೆಳಗಿನ ಪೇಂಟ್ ಇನ್ನೂ ಹಸಿಯಾಗಿರುತ್ತದೆ. ಮೇಲಿನ ಪದರ ಹಿಗ್ಗಿ, ಹರಡಲು ಜಾಗವಿಲ್ಲದೆ ಮಡಿಕೆ ಬೀಳುತ್ತದೆ. ಅದಕ್ಕೇ ಇದನ್ನು ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ದಪ್ಪಗೆ ಹೊಡೆಯುತ್ತಾರೆ. ತೆಳುವಾದರೆ ಸುಕ್ಕು ಸರಿಯಾಗಿ ಮೂಡುವುದಿಲ್ಲ.

ಗುರುತಿಸುವುದು ಹೇಗೆ?
ಬೇಕೆಂದೇ ಮಾಡಿದ ಸುಕ್ಕು ಎಲ್ಲೆಡೆ ಒಂದೇ ಸಮ ಇರುತ್ತದೆ, ಗಟ್ಟಿಯಾಗಿ ಅಂಟಿರುತ್ತದೆ. ಬಿಸಿಗೆ ಕೆಟ್ಟ ಪೇಂಟ್ ಅಲ್ಲಲ್ಲಿ ಗುಳ್ಳೆಯೆದ್ದು, ಬಣ್ಣಗೆಟ್ಟು, ಚಕ್ಕೆಚಕ್ಕೆಯಾಗಿ ಏಳುತ್ತದೆ.

ನೀವೇ ಹೊಡೆಯುವುದಾದರೆ ಎಚ್ಚರ
ಉದಾಹರಣೆಗೆ, ವಿಎಚ್‌ಟಿ ಕಂಪನಿಯ ರಿಂಕಲ್ ಪ್ಲಸ್ ಸ್ಪ್ರೇ ತಾಳುವುದು ಸುಮಾರು 175 ಡಿಗ್ರಿ ಸೆಲ್ಸಿಯಸ್ ಮಾತ್ರ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದಕ್ಕಿಂತ ಬಹಳ ಹೆಚ್ಚು ಬಿಸಿಯಾಗುತ್ತದೆ. ಅಲ್ಲಿ ಹೊಡೆದರೆ ಪೇಂಟ್ ಸುಟ್ಟು ಹೊಗೆಯಾಡುತ್ತದೆ. ಗ್ಯಾಸ್ಕೆಟ್ ಕೂರುವ ಜಾಗಕ್ಕೆ ಬಿದ್ದರೆ ಆಯಿಲ್ ಸೋರಬಹುದು. ಬ್ರೇಕ್ ಡಿಸ್ಕ್‌ಗಂತೂ ತಾಕಿಸಲೇಬೇಡಿ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಇಟ್ಟುಕೊಂಡು ಹೊಡೆಯಿರಿ.

ನಮ್ಮ ತೀರ್ಮಾನ: ಈ ಹೇಳಿಕೆ ದಾರಿ ತಪ್ಪಿಸುವಂಥದ್ದು. ಹಾಗೆಂದು ಸುಕ್ಕು ಪೇಂಟ್ ಇದ್ದ ಮಾತ್ರಕ್ಕೆ ಎಂಜಿನ್ ಚೆನ್ನಾಗಿದೆ ಎಂದೂ ಅಲ್ಲ. ಪೇಂಟ್ ನೋಡಿ ನಿರ್ಧರಿಸದೆ, ಕೂಲಂಟ್, ಆಯಿಲ್, ಸೋರಿಕೆಯನ್ನು ಮೆಕ್ಯಾನಿಕ್ ಬಳಿ ಪರೀಕ್ಷಿಸಿಯೇ ಕಾರು ಕೊಳ್ಳಿ.