ನಿಘಂಟಿನಲ್ಲಿ ಉಳಿದ ನುಡಿ



ಕೆನಡಾದ ಜಾರ್ಜಿಯನ್ ಕೊಲ್ಲಿಯ ಸಮೀಪದಲ್ಲಿ ವೆಂಡಾಟ್ ಜನರು ಮುಸುಕಿನ ಜೋಳ, ಬೀನ್ಸ್, ಕುಂಬಳ ಬೆಳೆದು, ಉದ್ದನೆಯ ಮನೆಗಳಲ್ಲಿ ಕೂಡಿ ಬಾಳುತ್ತಿದ್ದರು. ಕುಲವು ತಾಯಿಯಿಂದ ಬರುತ್ತಿತ್ತು. ಇವರನ್ನು ‘ಹ್ಯೂರನ್’ ಎಂದು ಕರೆದವರು ಫ್ರೆಂಚರು.

ಯುರೋಪಿಯನ್ನರೊಡನೆ ಬಂದ ಸಿಡುಬು ಮೊದಲಾದ ರೋಗಗಳಿಂದ 1634ರಿಂದ 1640ರೊಳಗೆ ಸುಮಾರು ಅರ್ಧದಷ್ಟು ಜನ ಮಡಿದರು. 1649ರಲ್ಲಿ ಇರೊಕ್ವಾ ಒಕ್ಕೂಟದ ದಾಳಿಯಿಂದ ಉಳಿದವರೂ ಚದುರಿದರು. ಒಂದು ಗುಂಪು ಕ್ವೆಬೆಕ್ ನಗರದ ಬಳಿ ನೆಲೆಸಿತು. ಕಾಲಕ್ರಮೇಣ ಅಲ್ಲಿ ಫ್ರೆಂಚ್ ಮನೆಮಾತಾಗಿ, ವೆಂಡಾಟ್ ನುಡಿಯನ್ನಾಡುವವರೇ ಇಲ್ಲವಾದರು.

ಆದರೆ ಮತಪ್ರಚಾರಕ್ಕಾಗಿ ಆ ಭಾಷೆ ಕಲಿತ ಪಾದ್ರಿಗಳ ನಿಘಂಟು, ವ್ಯಾಕರಣಗಳ ಹಸ್ತಪ್ರತಿಗಳು ಉಳಿದಿದ್ದವು. ವೆಂಡಾಕೆಯ ಜನರು 2007ರಲ್ಲಿ ಲಾವಾಲ್ ವಿಶ್ವವಿದ್ಯಾಲಯದೊಡನೆ ‘ಯಾವೆಂಡಾ’ ಯೋಜನೆಯನ್ನು ಆರಂಭಿಸಿ, ಅವುಗಳ ಆಧಾರದಿಂದಲೇ ತಮ್ಮ ನುಡಿಯನ್ನು ಮತ್ತೆ ಕಲಿಯತೊಡಗಿದರು. ಬರೆದವರ ಉದ್ದೇಶ ಬೇರೆಯಾಗಿತ್ತು. ಫಲವುಂಡವರು ಆ ನುಡಿಯ ವಾರಸುದಾರರು. ನಿಮ್ಮ ಮನೆಯ ಹಿರಿಯರ ಮಾತುಗಳನ್ನೂ ಬರೆದಿಡಿ.