ಮನೆಯ ಹಿಂದಿನ ಹೊಗೆಕೊಳವೆ



ಕರೆಂಟು ಹೋದ ಕ್ಷಣದಲ್ಲೇ ಎಲ್ಲಿಂದಲೋ ಕೇಳಿಬರುವ ಜನರೇಟರಿನ ಗುಡುಗುಡು ಸದ್ದು ನಿಮಗೆ ಹೊಸದಲ್ಲ. ಆ ಸದ್ದಿಗೂ ಒಂದು ಚರಿತ್ರೆಯಿದೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದೇ ಜಿಲ್ಲೆಗೆ ಸೇರಿದ್ದ ಶಿಡ್ಲಘಟ್ಟ ಸೀಮೆಯ ದಿಬ್ಬೂರಹಳ್ಳಿಯಂಥ ಊರುಗಳಿಗಾದರೋ ಎಣ್ಣೆಯ ದೀಪವೇ ಬಹುಕಾಲದ ಆಸರೆಯಾಗಿತ್ತು. ಮುಂದೆ ಕಂಬಗಳು ಬಂದವು, ಆದರೆ ನಂಬಿಕೆ ಬರಲಿಲ್ಲ. ರಾಜ್ಯದ ವಿದ್ಯುತ್ತು ಬಹುಪಾಲು ಜಲಾಶಯಗಳಿಂದಲೇ ಬರುತ್ತಿದ್ದುದರಿಂದ, ಮಳೆ ಕೈಕೊಟ್ಟ ವರ್ಷ ದೀಪವೂ ಕೈಕೊಡುತ್ತಿತ್ತು. ರಾಯಚೂರಿನ ಕಲ್ಲಿದ್ದಲು ಸ್ಥಾವರದ ಮೊದಲ ಘಟಕ ಚಾಲನೆಗೊಂಡದ್ದೇ 1985ರಲ್ಲಿ.

ಕೊರತೆಗೆ ಶೀಘ್ರ ಪರಿಹಾರವೆಂದು 1993-94ರಲ್ಲಿ ಯಲಹಂಕದಲ್ಲಿ ಡೀಸೆಲ್ ವಿದ್ಯುತ್ ಸ್ಥಾವರ ತಲೆಯೆತ್ತಿತು. ಆರು ಘಟಕಗಳು; ಒಟ್ಟು ಸಾಮರ್ಥ್ಯ ಸುಮಾರು 128 ಮೆಗಾವ್ಯಾಟ್. ಇಂಧನದ ಬೆಲೆ ಏರಿದಂತೆಲ್ಲ ಅಲ್ಲಿನ ವಿದ್ಯುತ್ತು ದುಬಾರಿಯಾಯಿತು. ಕಾಲಕ್ರಮೇಣ ಯಂತ್ರಗಳು ಮೌನವಾದವು. ಅಲ್ಲಿಯೇ 370 ಮೆಗಾವ್ಯಾಟ್‌ನ ಅನಿಲ ಸ್ಥಾವರ 2024ರಲ್ಲಿ ಉದ್ಘಾಟನೆಗೊಂಡಿತು. ದೊಡ್ಡ ಹೊಗೆಕೊಳವೆಯ ಕಥೆ ಹೀಗೆ ಮುಗಿಯಿತು. ಸಣ್ಣ ಕೊಳವೆಗಳ ಕಥೆ ಮುಗಿದಿಲ್ಲ.

ಶಿಡ್ಲಘಟ್ಟದ ಕಡೆ ಅದಕ್ಕೆ ಕಾರಣವೂ ಉಂಟು. ನೂಲು ಬಿಚ್ಚುತ್ತಿರುವಾಗ ಯಂತ್ರ ನಿಂತರೆ ಬಿಸಿನೀರಿನಲ್ಲಿರುವ ಗೂಡು ಹೆಚ್ಚು ಬೆಂದು ಎಳೆ ಕೆಡುತ್ತದೆ. ಕರೆಂಟಿಗಾಗಿ ಕಾಯುವಷ್ಟು ವ್ಯವಧಾನ ರೀಲರಿಗಿಲ್ಲ. ಅವರನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ಆದರೂ ಒಂದು ವಿಚಿತ್ರವನ್ನು ಗಮನಿಸಿ. ಹುಳು ಸಾಕುವ ಮನೆಯ ಬಳಿ ನಾವು ಹೊಗೆಯಾಗಲಿ ಕೀಟನಾಶಕದ ಗಾಳಿಯಾಗಲಿ ಸುಳಿಯಗೊಡುವುದಿಲ್ಲ. ಹುಳು ಸೂಕ್ಷ್ಮಜೀವಿ, ಬೆಳೆ ಹೋದೀತೆಂಬ ಭಯ. ಅದೇ ಎಚ್ಚರಿಕೆ ಕೂಸು ಮಲಗಿದ ಕಿಟಕಿಯ ವಿಷಯದಲ್ಲಿ ನಮಗಿದೆಯೇ?

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸಣ್ಣ ಯಂತ್ರವೊಂದು ಅದಕ್ಕೆ ಪ್ರತಿಯಾಗಿ ಕೊಡುವುದು ಮೂರು ಯೂನಿಟ್ಟಿನ ಆಸುಪಾಸಿನ ವಿದ್ಯುತ್ತು. ಅದು ಆಕಾಶದ ಲೆಕ್ಕ. ನೆರೆಹೊರೆಯ ಲೆಕ್ಕ ಮಸಿಯದು: ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸಣ್ಣ ಕಣಗಳದು. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಘೋಷಿಸಿತು. ಯಲಹಂಕದ ಹೊಗೆ ಎತ್ತರದಲ್ಲಿ ಚದುರುತ್ತಿತ್ತು, ಹಿತ್ತಲಿನ ಹೊಗೆ ನಮ್ಮ ಮೂಗಿನ ಮಟ್ಟದಲ್ಲೇ ತಂಗುತ್ತದೆ.

ಕಾನೂನು ಸುಮ್ಮನಿಲ್ಲ. ಹೊಸ ಜನರೇಟರುಗಳ ಸದ್ದು ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂದು 2002ರಲ್ಲಿ ಮಿತಿ ವಿಧಿಸಲಾಯಿತು. 2023ರ ಜುಲೈಯಿಂದ ಹೊಸ ಯಂತ್ರಗಳ ಹೊಗೆಗೆ ಇನ್ನೂ ಬಿಗಿಯಾದ ನಿಯಮ ಜಾರಿಗೆ ಬಂದಿದೆ. ಹೊಸದಕ್ಕೆ ಎಂಬ ಮಾತನ್ನು ಮರೆಯಬೇಡಿ. ಹಳೆಯ ಯಂತ್ರ ಎಷ್ಟು ಕೈ ಬದಲಾದರೂ ಅದೇ ಹೊಗೆಯನ್ನೇ ಉಗುಳುತ್ತದೆ.

ಮಾಲಿನ್ಯ ನಿಯಂತ್ರಣ ಮಂಡಳಿಯವರ ಒಂದು ಸರಳ ಸೂತ್ರವಿದೆ. ಜನರೇಟರಿನ ಕೆವಿಎ ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿ, ಬಂದಷ್ಟು ಮೀಟರ್, ಯಂತ್ರವಿರುವ ಕಟ್ಟಡದ ಎತ್ತರಕ್ಕಿಂತ ಮೇಲೆ ಕೊಳವೆ ಚಾಚಿರಬೇಕು. 25 ಕೆವಿಎ ಯಂತ್ರಕ್ಕೆ ಒಂದೇ ಮೀಟರ್, 100 ಕೆವಿಎಗೆ ಎರಡು. ಈ ಸಲ ಕರೆಂಟು ಹೋದಾಗ ಹಿತ್ತಲಿಗೆ ಹೋಗಿ ನೋಡಿ: ನಿಮ್ಮ ಕೊಳವೆಯ ಬಾಯಿ ಸೂರಿನ ಮೇಲಿದೆಯೋ, ನೆರೆಮನೆಯ ಕಿಟಕಿಯ ನೇರಕ್ಕಿದೆಯೋ?