ಬಾನೆಟ್ಟಿನ ಲಾಂಛನ: ಬಣ್ಣವೂ ಅಂಟೂ ಬೇರೆಯಾದ ಬಗೆ

ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟರ್ ಸಂಸ್ಥೆಯು 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ವಾಹನದ ತಯಾರಿಕೆಯನ್ನು ಆರಂಭಿಸಿದಾಗ, ಚನ್ನಪಟ್ಟಣದ ಅರಗಿನ ಬೊಂಬೆಗಳಿಗೂ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೂ ಹೆಸರಾಗಿದ್ದ ಸೀಮೆಯೊಳಗೆ ಮೂರನೆಯ ಒಂದು ದೊಡ್ಡ ಕಸುಬು ಕಾಲಿಟ್ಟಿತು. ಈ ಮೂರು ಕಸುಬುಗಳಿಗೂ ಬಿಸಿಯ ಹದವೇ ಆಧಾರವಾಗಿದೆ. ಕಾರಿನ ಬಾನೆಟ್ಟಿಗೆ, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳಕ್ಕೆ, ಅಂಟಿಸಿದ ಲಾಂಛನವನ್ನು ಬಣ್ಣ ಕೆಡದಂತೆ ತೆಗೆಯುವ ಕೆಲಸವು ಇಂದು ಟಿಂಕರಿಂಗ್–ಪೇಂಟಿಂಗ್ ಶೆಡ್ಡುಗಳಲ್ಲಿ ಸಣ್ಣದೆನಿಸಿದರೂ, ಅದು ಸಾಧ್ಯವಾಗಲು ಮೇಲ್ಮೈ ಬಣ್ಣದ ಇತಿಹಾಸದಲ್ಲಿ ಬಹಳಷ್ಟು ಬದಲಾಗಬೇಕಾಯಿತು.

ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ, ಅರಗಿನ ಹುಳುವಿನ ಸ್ರಾವಕ್ಕೆ ಬಣ್ಣ ಬೆರೆಸಿ ಮಾಡಿದ ಕಡ್ಡಿಯನ್ನು ಅದರ ಮೇಲೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದಿಂದ ಹುಟ್ಟುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಬಳಿಕ ಕೇದಗೆಯ ಗರಿಯನ್ನು ಒತ್ತಿ ಹೊಳಪು ಬರಿಸುತ್ತಾರೆ. ಟಿಪ್ಪು ಸುಲ್ತಾನನು ಪರ್ಷಿಯಾದ ಕಸುಬುದಾರರನ್ನು ಕರೆಸಿ ಈ ವಿದ್ಯೆಗೆ ಆಶ್ರಯ ಕೊಟ್ಟನೆಂಬ ಪ್ರತೀತಿ ಊರಿನಲ್ಲಿ ಇಂದಿಗೂ ಬಲವಾಗಿದೆ. ಅರಗಿನ ಗುಣವೆಂದರೆ ಅದು ಬಿಸಿಗೆ ಮತ್ತೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗಿಯೂ ಹೋಗುತ್ತದೆ. ಆದ್ದರಿಂದ ಅರಗಿನ ಮೇಲೆ ಅಂಟಿಸಿದ ವಸ್ತುವನ್ನು ಬಿಸಿ ಮಾಡಿ ಬಿಡಿಸಲು ಹೊರಟರೆ ಅಂಟಿನ ಜೊತೆಗೆ ಬಣ್ಣವೂ ಎದ್ದು ಬರುತ್ತದೆ.

ಮೊದಮೊದಲ ಕಾರುಗಳ ಬಣ್ಣವೂ ಇದಕ್ಕಿಂತ ಬಹಳ ಗಟ್ಟಿಯಾಗಿರಲಿಲ್ಲ. ಕುದುರೆ ಸಾರೋಟುಗಳ ಕಾಲದಿಂದ ಬಂದ ಎಣ್ಣೆ ವಾರ್ನಿಷನ್ನು ಕುಂಚದಿಂದ ಪದರ ಪದರವಾಗಿ ಬಳಿದು ವಾರಗಟ್ಟಲೆ ಒಣಗಿಸಬೇಕಾಗುತ್ತಿತ್ತು. 1923–24ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಮತ್ತು ಜನರಲ್ ಮೋಟರ್ಸ್ ಕಂಪನಿಗಳು ಬಳಕೆಗೆ ತಂದ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವು ಬೇಗ ಒಣಗುವ ಗುಣದಿಂದ ಆ ಕಾಯುವಿಕೆಯನ್ನು ತಪ್ಪಿಸಿತಾದರೂ ಥಿನ್ನರ್ ತಗುಲಿದೊಡನೆ ಕರಗುತ್ತಿತ್ತು. ನಿಜವಾದ ತಿರುವು ಬಂದದ್ದು ಒಲೆಯಲ್ಲಿ ಬೇಯಿಸುವ ಎನಾಮೆಲ್ ಮತ್ತು ಅಕ್ರಿಲಿಕ್ ಬಣ್ಣಗಳಿಂದ. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆಂದ ಇಂಥ ಬಣ್ಣದ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಅದು ಮತ್ತೆ ಕರಗುವುದಿಲ್ಲ.

ಲಾಂಛನವನ್ನು ಕೂರಿಸುವ ವಿಧಾನವೂ ಬದಲಾದದ್ದು ನಿಧಾನವಾಗಿ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಪೀಳಿಗೆಯಲ್ಲಿ ಎರಕದ ಲಾಂಛನದ ಹಿಂಬದಿಯ ಮೊಳೆಗಳನ್ನು ತಗಡಿನ ತೂತುಗಳಲ್ಲಿ ಇಳಿಸಿ ಒಳಗಿನಿಂದ ನಟ್ಟು ಅಥವಾ ಸ್ಪ್ರಿಂಗ್ ಕ್ಲಿಪ್ಪಿನಿಂದ ಬಿಗಿಯುವುದೇ ಹೆಚ್ಚು ರೂಢಿಯಾಗಿತ್ತು. ಅದನ್ನು ಬಿಚ್ಚುವುದು ಸುಲಭ, ಆದರೆ ತೂತುಗಳು ಉಳಿಯುತ್ತಿದ್ದುವು. ಅವನ್ನು ಮುಚ್ಚಲು ಬೆಸುಗೆ ಹಾಕಿ, ಪುಟ್ಟಿ ತುಂಬಿ, ಇಡೀ ಬಾನೆಟ್ಟಿಗೆ ಬಣ್ಣ ಹೊಡೆಯಬೇಕಿತ್ತು. ತುಕ್ಕು ಹಿಡಿಯುವುದೂ ಬಹುಮಟ್ಟಿಗೆ ಅಲ್ಲಿಂದಲೇ. 1980ರಲ್ಲಿ ಅಮೆರಿಕದ 3ಎಂ ಕಂಪನಿಯು ಎರಡೂ ಬದಿಗೆ ಅಂಟಿರುವ ಅಕ್ರಿಲಿಕ್ ಫೋಮ್ ಟೇಪನ್ನು ಮಾರುಕಟ್ಟೆಗೆ ತಂದ ಮೇಲೆ, ಪೇಟೆಯಲ್ಲಿ ‘ಡಬಲ್ ಟೇಪ್’ ಎನ್ನುವ ಈ ಬಗೆಯ ಪಟ್ಟಿಯು ಹಲವು ಲಾಂಛನಗಳನ್ನೂ ಹಿಂಬಾಗಿಲಿನ ಅಕ್ಷರಗಳನ್ನೂ ತೂತಿಲ್ಲದೆ ಹಿಡಿದಿಡತೊಡಗಿತು.

ಬಣ್ಣ ಕರಗದು, ಅಂಟು ಮಾತ್ರ ಮೆತ್ತಗಾಗುವುದು ಎಂಬ ಈ ಅಂತರದ ಮೇಲೆಯೇ ಇಂದಿನ ಕ್ರಮ ನಿಂತಿದೆ. ಹೇರ್ ಡ್ರೈಯರಿನಿಂದ ಕೈಗೆ ಚುರುಕೆನ್ನುವಷ್ಟು, ಸುಮಾರು 50ರಿಂದ 60 ಡಿಗ್ರಿ, ಕಾಯಿಸಿ, ಮೀನಿನ ಗಾಳದ ನೈಲಾನ್ ದಾರವನ್ನು ಲಾಂಛನದ ಹಿಂದೆ ತೂರಿಸಿ ಗರಗಸದಂತೆ ಅತ್ತಿತ್ತ ಎಳೆದರೆ ಫೋಮು ಸೀಳುತ್ತದೆ. ಮೇಲಿನ ಪಾರದರ್ಶಕ ಪದರವು ಸಾಮಾನ್ಯವಾಗಿ ಸುಮಾರು 40 ಮೈಕ್ರಾನ್‌ನಷ್ಟೇ, ಅಂದರೆ ಮಿಲಿಮೀಟರಿನ ಇಪ್ಪತ್ತೈದನೆಯ ಒಂದು ಪಾಲಿನಷ್ಟೇ, ದಪ್ಪವಿರುವುದರಿಂದ ಸ್ಕ್ರೂಡ್ರೈವರಿನಿಂದ ಮೀಟುವುದು ಎಂದಿಗೂ ಸಲ್ಲದು. ಕನಕಪುರ, ಮಾಗಡಿಗಳ ಹಿಪ್ಪುನೇರಳೆ ತೋಟಗಳನ್ನು ಅವಲಂಬಿಸಿ ಬೆಳೆದ ನೂಲು ಬಿಚ್ಚಾಣಿಕೆಯಲ್ಲಿಯೂ ಇದೇ ತತ್ತ್ವವಿದೆ. ಗೂಡಿನ ಎಳೆಯಲ್ಲಿ ಸುಮಾರು ಕಾಲು ಪಾಲಿನಷ್ಟಿರುವ ಸೆರಿಸಿನ್ ಎಂಬ ಅಂಟು ಬಿಸಿನೀರಿಗೆ ಮೆತ್ತಗಾಗುತ್ತದೆ, ಫೈಬ್ರೊಯಿನ್ ಎಂಬ ಒಳ ಎಳೆ ಕೆಡುವುದಿಲ್ಲ. ಹದ ತಪ್ಪಿದರೆ ನೂಲು ಹರಿಯುತ್ತದೆಂಬುದನ್ನು ಬಿಡದಿಗೆ ಕಾರು ಬರುವುದಕ್ಕೆ ಎಷ್ಟೋ ಮೊದಲೇ ಈ ಸೀಮೆಯ ಬಿಚ್ಚಾಣಿಕೆದಾರರು ಬಲ್ಲವರಾಗಿದ್ದರು.

ಲಾಂಛನ ತೆಗೆದ ಮೇಲೆ ಬಾನೆಟ್ಟಿನಲ್ಲಿ ಉಳಿದ ಅಂಟನ್ನು ಹೆಬ್ಬೆರಳಿನಿಂದ ಹೊರಳಿಸಿ ತೆಗೆದು, ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಲಾಗುತ್ತದೆ. ಆದರೆ ಅಪಘಾತದ ನಂತರ ಶೆಡ್ಡಿನಲ್ಲಿ ಮರುಬಣ್ಣ ಪಡೆದ ಬಾನೆಟ್ಟಿನ ಮಾತು ಬೇರೆ: ಅಲ್ಲಿ ಬಣ್ಣವು ಬೆಂದಿರುವುದು ಸಾಮಾನ್ಯವಾಗಿ ಸುಮಾರು 60 ಡಿಗ್ರಿಯಲ್ಲಿ, ಕೆಲವೆಡೆ ಬರಿಯ ಬಿಸಿಲಿನಲ್ಲಿ. ಹದವಾಗಿ ಗಟ್ಟಿಯಾಗದ ಅಂಥ ಪದರಕ್ಕೆ ಥಿನ್ನರ್ ತಾಗಿದರೆ ಡ್ಯೂಕೋ ಕಾಲದಂತೆಯೇ ಬಣ್ಣ ಮೆತ್ತಗಾಗುವುದರಿಂದ, ಲಾಂಛನಕ್ಕೆ ಕೈ ಹಾಕುವ ಮೊದಲು ಆ ಬಾನೆಟ್ಟಿನ ಬಣ್ಣ ಕಾರ್ಖಾನೆಯದೋ ಶೆಡ್ಡಿನದೋ ಎಂಬುದನ್ನು ತಿಳಿದುಕೊಳ್ಳಬೇಕಾಗುತ್ತದೆ.